ಟೆಂಟಿನಿಂದ ಟ್ರೇಲರ್‌ವರೆಗೆ: ಜೊತೆಗೆ ಬಂದವರು, ಕೈತಪ್ಪಿದ ಜಾಗಗಳು

ಅಮೆರಿಕದ ಯಾವುದೇ ಕ್ಯಾಂಪ್‌ಗ್ರೌಂಡಿನಲ್ಲಿ, ಆರ್‌ವಿಗಳ, ಅಂದರೆ ಮಲಗುವ ಮತ್ತು ಅಡುಗೆಯ ವ್ಯವಸ್ಥೆಯಿರುವ ಮನೆಗಾಡಿಗಳ ಸಾಲಿನಲ್ಲಿ ಸಂಜೆ ಕುರ್ಚಿ ಹಾಕಿಕೊಂಡು ಕುಳಿತವರೊಡನೆ ಮಾತಿಗಿಳಿದರೆ, ಊರು, ನಾಯಿ, ನಾಳೆಯ ಹವಾಮಾನ ಇವೆಲ್ಲ ಮುಗಿದ ಮೇಲೆ ಒಂದು ಮಾತು ಬಂದೇ ಬರುತ್ತದೆ: "ನಾವೂ ಮೊದಲು ಟೆಂಟಿನಲ್ಲೇ ಶುರು ಮಾಡಿದ್ದು." ಯಾರೂ ಕೇಳದಿದ್ದರೂ ಹೇಳುತ್ತಾರೆ. ನೆಲದ ಮೇಲೆ ಮಲಗಿದ್ದು, ನಡುರಾತ್ರಿ ಮಳೆಯಲ್ಲಿ ಗೂಟ ಹೊಡೆದಿದ್ದು, ಬೆಳಗ್ಗೆ ಒದ್ದೆ ಬಟ್ಟೆಯಲ್ಲೇ ಗುಡ್ಡ ಹತ್ತಿದ್ದು ಇವನ್ನೆಲ್ಲ ವಿವರಿಸಿದ ನಂತರವೇ ತಮ್ಮ ಈಗಿನ ಗಾಡಿಯ ಬಾಗಿಲು ತೆರೆದು ತೋರಿಸುತ್ತಾರೆ. ಕೆಲವು ವರ್ಷಗಳಿಂದ ನಾನೂ ಈ ಮಾತನ್ನು ಹೇಳುವವರಲ್ಲಿ ಒಬ್ಬಳು. ಟೆಂಟುಗಳ ಸಾಲಿನ ಮುಂದೆ ಹಾದುಹೋಗುವಾಗ, ಅಲ್ಲಿ ಕೈಯುಜ್ಜಿಕೊಳ್ಳುತ್ತಾ ಕಾಫಿಗೆ ನೀರಿಟ್ಟ ಹುಡುಗ ಹುಡುಗಿಯರನ್ನು ಕಂಡಾಗ, ಅವರಿಗೆ ಏನೋ ಸಮಜಾಯಿಷಿ ಕೊಡಬೇಕು ಎಂಬ ತುಡಿತ ನನ್ನಲ್ಲಿ ಹುಟ್ಟುತ್ತದೆ. ಈ ತುಡಿತ ಎಲ್ಲಿಂದ ಬರುತ್ತದೆ ಎಂಬುದು ಬಹಳ ಕಾಲದಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ.

ಕಷ್ಟಪಟ್ಟು ಹೊರಗೆ ಮಲಗುವವರು ನಿಜವಾದ ಪ್ರಕೃತಿಪ್ರಿಯರು, ಗಾಲಿಯ ಮೇಲಿನ ಮನೆಯನ್ನೇ ಎಳೆದುಕೊಂಡು ಬರುವವರು ವಯಸ್ಸಾದ ಮೇಲೆ ಸುಖಕ್ಕೆ ಸೋತವರು ಎಂಬ ಒಂದು ಸಾಮಾನ್ಯ ಅಭಿಪ್ರಾಯವಿದೆ. ಈ ಲೆಕ್ಕಾಚಾರ ನನಗೆ ಒಪ್ಪಿಗೆಯಿಲ್ಲ. ಟೆಂಟಿನಿಂದ ಟ್ರೇಲರಿಗೆ ಬಂದ ದಾರಿಯಲ್ಲಿ ನಮಗೆ ದಕ್ಕಿದ ದೊಡ್ಡ ಲಾಭ ಮೆತ್ತನೆಯ ಹಾಸಿಗೆಯಲ್ಲ, ಮನೆಯಲ್ಲೇ ಉಳಿದುಬಿಡುತ್ತಿದ್ದವರು ಜೊತೆಗೆ ಬಂದದ್ದು. ನಷ್ಟವಾಗಿದ್ದು ಕಷ್ಟಸಹಿಷ್ಣುತೆಯೂ ಅಲ್ಲ, ಒಂದು ಕಾಲದಲ್ಲಿ ಸಲೀಸಾಗಿ ಹೋಗಿ ತಂಗುತ್ತಿದ್ದ ಎಷ್ಟೋ ಜಾಗಗಳು.

ಟುವಾಲಮಿಯ ಚಳಿ

ನಾವು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾಕ್ಕೆ ಬಂದ ಮೊದಲ ವರ್ಷಗಳಲ್ಲಿ ಇದ್ದದ್ದು ಒಂದು ಸಾಧಾರಣ ಕಾರು. ಅದರ ಡಿಕ್ಕಿಯಲ್ಲಿ ಟೆಂಟು, ಸ್ಲೀಪಿಂಗ್ ಬ್ಯಾಗುಗಳು, ಎರಡು ಉರಿಯ ಹಸಿರು ಕೋಲ್‌ಮನ್ ಒಲೆ, ಹಳೆಯ ಟವೆಲ್ಲಿನಲ್ಲಿ ಸುತ್ತಿದ ಪ್ರೆಶರ್ ಕುಕ್ಕರ್ ಇಷ್ಟನ್ನು ತುಂಬಿಕೊಂಡು ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಮೇಲ್ಭಾಗದಲ್ಲಿರುವ ಟುವಾಲಮಿ ಮೆಡೋಸ್‌ಗೆ ಹೋಗುವುದು ರೂಢಿಯಾಗಿತ್ತು. ಸಮುದ್ರಮಟ್ಟದಿಂದ ಸುಮಾರು 8,600 ಅಡಿ ಎತ್ತರದಲ್ಲಿರುವ ಹುಲ್ಲುಗಾವಲು ಅದು. ಹಗಲಿನಲ್ಲಿ ಬಿಸಿಲು ಚುರುಕಾಗಿದ್ದರೂ ಜುಲೈ ತಿಂಗಳಲ್ಲಿಯೂ ರಾತ್ರಿಯ ಉಷ್ಣಾಂಶ ಸೊನ್ನೆಯ ಆಸುಪಾಸಿಗೆ ಇಳಿಯುತ್ತದೆ. ಆ ಎತ್ತರದಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಎಷ್ಟು ಹೊತ್ತು ಬೇಯಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಕುಕ್ಕರ್ ಒಯ್ಯುತ್ತಿದ್ದುದು ಅದಕ್ಕಾಗಿ. ಸಂಜೆ ಪೈನ್ ಮರಗಳ ನಡುವೆ ಮೊದಲ ಸೀಟಿ ಹೊಡೆದಾಗ ಅಕ್ಕಪಕ್ಕದವರು ತಲೆಯೆತ್ತಿ ನೋಡುತ್ತಿದ್ದರು. ಒಮ್ಮೆ ಪಕ್ಕದ ಟೆಂಟಿನ ವೃದ್ಧ ದಂಪತಿ ಅದೇನು ಶಬ್ದವೆಂದು ವಿಚಾರಿಸಲು ಬಂದವರು, ನಮ್ಮ ಜೊತೆಯಲ್ಲೇ ಕುಳಿತು ಬಿಸಿ ಅನ್ನ ಸಾರು ಉಂಡು, ತಮ್ಮ ಬೆಂಕಿಗುಂಡಿಯ ಬಳಿಗೆ ನಮ್ಮನ್ನು ಕರೆದುಕೊಂಡು ಹೋಗಿದ್ದರು.

ಊಟವಾದ ಮೇಲೆ ವಾಸನೆ ಬರುವ ಪ್ರತಿಯೊಂದನ್ನೂ ಪ್ರತಿ ಸೈಟಿಗೂ ಕೊಟ್ಟಿರುವ ಕಬ್ಬಿಣದ ಬೇರ್ ಬಾಕ್ಸಿನಲ್ಲಿಟ್ಟು ಅಗಳಿ ಹಾಕಬೇಕು. ಇಂಗಿನ ಡಬ್ಬಿ, ಚಟ್ನಿಪುಡಿ, ಕೊಬ್ಬರಿ ಎಣ್ಣೆ ಮಾತ್ರವಲ್ಲ, ಟೂತ್‌ಪೇಸ್ಟು ಮತ್ತು ಸೋಪು ಕೂಡ. ಅಲ್ಲಿನ ಕರಿ ಕರಡಿಗಳು ಕಾರಿನ ಬಾಗಿಲನ್ನೇ ಬಗ್ಗಿಸಿ ಒಳಗೆ ನುಗ್ಗಬಲ್ಲವು. ಇದನ್ನೆಲ್ಲ ಮುಗಿಸಿ ಟೆಂಟಿನೊಳಗೆ ಸೇರಿಕೊಂಡರೆ ಹೊರಗಿನ ಜಗತ್ತಿಗೂ ನಮಗೂ ನಡುವೆ ಒಂದು ತೆಳು ಬಟ್ಟೆ ಮಾತ್ರ. ಟುವಾಲಮಿ ನದಿಯ ಸದ್ದು, ಜಿಂಕೆ ಹುಲ್ಲು ಕೀಳುವ ಸದ್ದು, ಗಾಳಿ ದಿಕ್ಕು ಬದಲಿಸಿದ್ದು ಎಲ್ಲವೂ ಕಿವಿಗೆ ಬೀಳುತ್ತಿತ್ತು. ಬೆಳಗಿನ ಜಾವಕ್ಕೆ ನಮ್ಮ ಉಸಿರೇ ಮೇಲಿನ ಹೊದಿಕೆಯ ಒಳಮೈಗೆ ಹನಿಗಟ್ಟಿ, ಕೈ ತಗಲಿದರೆ ಮುಖದ ಮೇಲೆ ಉದುರುತ್ತಿತ್ತು. ನನಗೆ ಇದೆಲ್ಲವೂ ಇಷ್ಟವಾಗಿತ್ತು, ಇಂದಿಗೂ ಇಷ್ಟ.

ಅಮ್ಮ ಮೊದಲ ಸಲ ಮಲೆನಾಡಿನ ಸಾಗರದಿಂದ ನಮ್ಮಲ್ಲಿಗೆ ಬಂದ ಬೇಸಿಗೆಯಲ್ಲಿ ಅವಳನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಮಂಡಿನೋವು ಆಗಲೇ ಶುರುವಾಗಿತ್ತು. ಎರಡು ಸ್ವೆಟರು, ಶಾಲು, ಮಂಕಿ ಕ್ಯಾಪು ಎಲ್ಲ ಹಾಕಿಕೊಂಡು ಮಲಗಿದರೂ ನೆಲದ ತಣ್ಪು ಚಾಪೆಯ ಮೂಲಕ ಏರುತ್ತಿತ್ತು. ಶೌಚಾಲಯಕ್ಕೆ ಟಾರ್ಚು ಹಿಡಿದು ಬೇರುಗಳನ್ನು ದಾಟಿ ನಡೆಯಬೇಕಿತ್ತು, ಮತ್ತು ಸಕ್ಕರೆ ಕಾಯಿಲೆಯವರಿಗೆ ರಾತ್ರಿ ಒಂದು ಸಲ ಎದ್ದರೆ ಸಾಲದು. ಮಧ್ಯರಾತ್ರಿ ಕಳೆದ ಮೇಲೆ ಎಚ್ಚರವಾಗಿ ನೋಡಿದರೆ ಅವಳ ಜಾಗ ಖಾಲಿಯಿತ್ತು. ಕಾರಿನ ಮುಂದಿನ ಸೀಟನ್ನು ಹಿಂದಕ್ಕೆ ಒರಗಿಸಿಕೊಂಡು, ಶಾಲನ್ನು ಗಲ್ಲದವರೆಗೆ ಎಳೆದುಕೊಂಡು, ಗಾಜಿನಾಚೆಗೆ ಆಕಾಶವನ್ನು ನೋಡುತ್ತ ಕುಳಿತಿದ್ದಳು. ಬೆಳಗ್ಗೆ ಒಂದು ದೂರೂ ಹೇಳಲಿಲ್ಲ. "ಇಷ್ಟೊಂದು ನಕ್ಷತ್ರ ನಮ್ಮ ಊರಲ್ಲೂ ಕಂಡಿದ್ದಿಲ್ಲ ಕಣೇ" ಎಂದಳು, ಅಷ್ಟೆ. ಆದರೆ ಮುಂದಿನ ಸಲ ನಾವು ಹೊರಡುವ ಮಾತೆತ್ತಿದಾಗ, "ನೀವು ಹೋಗಿ ಬನ್ನಿ, ನಾನು ಮನೇಲಿ ಇರ್ತೀನಿ" ಎಂದಳು. ಆ ನಂತರ ಪ್ರತಿ ಸಲವೂ ಅದೇ ಉತ್ತರ. ನಕ್ಷತ್ರಗಳನ್ನು ಅಷ್ಟು ಇಷ್ಟಪಟ್ಟವಳು ಅವನ್ನು ಬಿಟ್ಟುಕೊಡುತ್ತಿದ್ದುದು ಮಂಡಿಗಾಗಿ ಮತ್ತು ರಾತ್ರಿಯ ಆ ದಾರಿಗಾಗಿ ಎಂಬುದು ಮನಸ್ಸಿನಲ್ಲಿ ಉಳಿದುಕೊಂಡಿತು.

ನಡುವಿನ ಒಂದು ಹಂತ

ಮಗಳು ಹುಟ್ಟಿದ ಮೇಲೆ ಹಳೆಯ ಪಾಪ್‌ಅಪ್ ಟ್ರೇಲರ್ ಒಂದನ್ನು ಕೊಂಡೆವು. ಕೆಳಗೆ ಪೆಟ್ಟಿಗೆಯ ಆಕಾರ, ಮೇಲೆ ಕೈಯಿಂದ ತಿರುಗಿಸಿ ಎತ್ತುವ ಚಾವಣಿ, ಎರಡೂ ಪಕ್ಕಕ್ಕೆ ಎಳೆದು ಬಿಚ್ಚುವ ಕ್ಯಾನ್ವಾಸ್ ಗೋಡೆಯ ಹಾಸಿಗೆಗಳು. ನೆಲದಿಂದ ಮೇಲೆ ಮಲಗಲು ಸಾಧ್ಯವಾಯಿತು ಎಂಬುದೊಂದು ಬಿಟ್ಟರೆ ಅದು ಟೆಂಟೇ. ಮಳೆಯಲ್ಲಿ ಮಡಚಿ ತಂದರೆ ಮನೆಯಲ್ಲಿ ಮತ್ತೆ ಬಿಚ್ಚಿ ಒಣಗಿಸಬೇಕು, ಇಲ್ಲವಾದರೆ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಶೌಚಾಲಯವಂತೂ ಇಲ್ಲ. ಮಗಳಿಗೆ ಅದೊಂದು ಸ್ವರ್ಗವಾಗಿತ್ತು. ಅಮ್ಮನ ಉತ್ತರ ಬದಲಾಗಲಿಲ್ಲ.

ಯೆಲ್ಲೋಸ್ಟೋನ್‌ಗೆ ಹೋಗುವ ಆಲೋಚನೆ ಬಂದಾಗ ಇನ್ನೊಂದು ಸಂಗತಿ ತಿಳಿಯಿತು. 1872ರಲ್ಲಿ ಸ್ಥಾಪನೆಯಾದ ಆ ರಾಷ್ಟ್ರೀಯ ಉದ್ಯಾನದೊಳಗೆ ನೀರು, ವಿದ್ಯುತ್, ಒಳಚರಂಡಿ ಮೂರರ ಸಂಪರ್ಕವೂ ಸಿಗುವ ಒಂದೇ ತಾಣವೆಂದರೆ ಯೆಲ್ಲೋಸ್ಟೋನ್ ಸರೋವರದ ಬಳಿಯ ಫಿಶಿಂಗ್ ಬ್ರಿಜ್ ಆರ್‌ವಿ ಪಾರ್ಕ್. ಅದು ಗ್ರಿಜ್ಲಿ ಕರಡಿಗಳು ಓಡಾಡುವ ಪ್ರದೇಶವಾದ್ದರಿಂದ ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ ಪ್ರವೇಶ. ಟೆಂಟಿಗೂ ಇಲ್ಲ, ಕ್ಯಾನ್ವಾಸ್ ಗೋಡೆಯ ಪಾಪ್‌ಅಪ್ಪಿಗೂ ಇಲ್ಲ. ಅಮ್ಮನಂಥವರು ಆರಾಮವಾಗಿ ತಂಗಬಹುದಾದ ಆ ಒಂದು ಜಾಗಕ್ಕೆ ಗಟ್ಟಿ ಗೋಡೆ ಬೇಕೇ ಬೇಕಿತ್ತು. ಟ್ರೇಲರ್ ಕೊಳ್ಳುವ ತೀರ್ಮಾನಕ್ಕೆ ಹಲವು ಕಾರಣಗಳಿದ್ದರೂ ಅಂತಿಮವಾಗಿ ತೂಗಿದ್ದು ಇದೇ.

ರಸಮಟ್ಟ, ಇನ್ಸುಲಿನ್, ಅರ್ಧ ಬಕೆಟ್ ನೀರು

ನಾವು ಕೊಂಡದ್ದು 20 ಅಡಿ ಉದ್ದದ, ಪಿಕಪ್ ಟ್ರಕ್ಕಿನ ಹಿಂದೆ ಎಳೆಯುವ ಟ್ರೇಲರ್. ಒಳಗೆ ಒಂದು ಮಂಚ, ಬಿಚ್ಚಿದರೆ ಹಾಸಿಗೆಯಾಗುವ ಊಟದ ಮೇಜು, ಪುಟ್ಟ ಅಡುಗೆಕಟ್ಟೆ, ಇನ್ನೂ ಪುಟ್ಟದಾದ ಬಚ್ಚಲು. ಆರ್‌ವಿ ಎಂದರೆ ಕೆಲಸವಿಲ್ಲದ ಸುಖ ಎಂದು ತಿಳಿದವರು ಒಂದು ಸಂಜೆ ಅದನ್ನು ನಿಲ್ಲಿಸುವ ಕೆಲಸಕ್ಕೆ ಕೈಜೋಡಿಸಬೇಕು. ಟೆಂಟಿನ ಕಾಲದಲ್ಲಿ ಗಾಳಿ, ಇಳಿಜಾರು, ಮೋಡ ಇವುಗಳ ಮೇಲೆ ಇದ್ದ ಗಮನವೆಲ್ಲ ಈಗ ಯಂತ್ರದ ಮೇಲೆ ಹರಿಯುತ್ತದೆ. ಎಳೆಯುವಾಗ ಟ್ರೇಲರಿನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಭಾರ ಕೊಂಡಿಯ ಮೇಲೆ ಬೀಳುವಂತೆ ಸಾಮಾನು ಜೋಡಿಸಬೇಕು. ಹಿಂದೆ ಭಾರ ಹೆಚ್ಚಾದರೆ ಹೆದ್ದಾರಿಯಲ್ಲಿ ಗಾಡಿ ಎಡಕ್ಕೂ ಬಲಕ್ಕೂ ಓಲಾಡತೊಡಗುತ್ತದೆ, ಅದು ಪ್ರಾಣಕ್ಕೇ ಕುತ್ತು. ನಿಲ್ಲಿಸುವಾಗ ತಗ್ಗಿನ ಕಡೆಯ ಚಕ್ರದ ಕೆಳಗೆ ಪ್ಲಾಸ್ಟಿಕ್ ಹಲಗೆಗಳನ್ನಿಟ್ಟು ಸಮತಟ್ಟು ಮಾಡಿ, ಆಮೇಲೆ ಚಕ್ರಕ್ಕೆ ಅಡೆ ಕೊಡಬೇಕು. ಮನೆ ಕಟ್ಟುವ ಮೇಸ್ತ್ರಿಗಳು ಹಿಡಿಯುವಂಥದೇ ರಸಮಟ್ಟವನ್ನು ನನ್ನ ಪತಿ ನೆಲದ ಮೇಲಿಟ್ಟು ನೋಡುತ್ತಾರೆ, ನಾನು ಹೊರಗೆ ಹಲಗೆ ಸರಿಸುತ್ತೇನೆ.

ಈ ಸಮತಟ್ಟು ಮಲಗುವ ಅನುಕೂಲಕ್ಕಾಗಿ ಮಾತ್ರ ಅಲ್ಲ. ನಮ್ಮ ಟ್ರೇಲರಿನ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇಲ್ಲ. ಪ್ರೊಪೇನ್ ಅನಿಲದ ಸಣ್ಣ ಜ್ವಾಲೆ ಅಮೋನಿಯಾ ಬೆರೆತ ನೀರನ್ನು ಕಾಯಿಸುತ್ತದೆ, ಆವಿಯಾಗಿ ಮೇಲೇರಿದ ಅಮೋನಿಯಾ ತಣಿದು ದ್ರವವಾಗಿ ಮತ್ತೆ ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ, ಬಳಿಕ ಅದು ಮತ್ತೆ ನೀರಿನಲ್ಲಿ ಕರಗಿ, ಆ ದ್ರವ ತನ್ನ ಭಾರದಿಂದಲೇ ಕೊಳವೆಗಳಲ್ಲಿ ಕೆಳಗಿಳಿದು ಬರುತ್ತದೆ. ಗಾಡಿ ವಾಲಿ ನಿಂತರೆ ದ್ರವ ನಡುವೆಯೇ ಮಡುಗಟ್ಟಿ ಈ ಸುತ್ತಾಟ ನಿಂತುಹೋಗುತ್ತದೆ. ಅಮ್ಮನ ಇನ್ನೂ ತೆರೆಯದ ಇನ್ಸುಲಿನ್ ಪೆನ್ನುಗಳು 2ರಿಂದ 8 ಡಿಗ್ರಿಯೊಳಗೆ ಇರಬೇಕು, ಹೆಪ್ಪುಗಟ್ಟಲೂಬಾರದು. ಟೆಂಟಿನ ದಿನಗಳ ಐಸ್ ಪೆಟ್ಟಿಗೆಯಲ್ಲಿ ಅದನ್ನು ನಂಬಿಕೊಂಡು ನೆವಾಡಾದ ಬಿಸಿಲನ್ನು ದಾಟಲು ಧೈರ್ಯ ಬರುತ್ತಿರಲಿಲ್ಲ. ಈಗ ರಸಮಟ್ಟದ ಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಂತಿತೆಂದರೆ ಅಮ್ಮನಿಗೆ ಒಂದು ರಾತ್ರಿಯ ನಿಶ್ಚಿಂತೆ.

ಅವಳನ್ನು ಕರೆದುಕೊಂಡು ಜೂನ್ ತಿಂಗಳಲ್ಲಿ ರೀನೋ, ಎಲ್ಕೊ, ಟ್ವಿನ್ ಫಾಲ್ಸ್ ಮಾರ್ಗವಾಗಿ ಯೆಲ್ಲೋಸ್ಟೋನ್‌ಗೆ ಹೋದೆವು. ದಾರಿಯಲ್ಲಿ ವಿದ್ಯುತ್ತೂ ನೀರೂ ಇಲ್ಲದ ತಾಣಗಳಲ್ಲಿ ತಂಗಿದಾಗ, 30 ಗ್ಯಾಲನ್, ಅಂದರೆ ಸುಮಾರು 114 ಲೀಟರ್ ನೀರಿನಲ್ಲಿ ನಾಲ್ವರು ಅಡುಗೆ, ಪಾತ್ರೆ, ಸ್ನಾನ ಎಲ್ಲ ಮುಗಿಸಬೇಕಿತ್ತು. ಬಳಸಿದ ನೀರು ಎಲ್ಲಿಯೂ ಮಾಯವಾಗುವುದಿಲ್ಲ. ಪಾತ್ರೆ ತೊಳೆದದ್ದು, ಸ್ನಾನದ್ದು ಒಂದು ಟ್ಯಾಂಕಿಗೆ, ಶೌಚದ್ದು ಇನ್ನೊಂದು ಟ್ಯಾಂಕಿಗೆ ಸೇರುತ್ತದೆ. ಅವು ತುಂಬಿದರೆ ಕೊಳಚೆ ಸುರಿಯಲೆಂದೇ ಇರುವ ಡಂಪ್ ಸ್ಟೇಷನ್ ಹುಡುಕಿ, ಮೊದಲು ಶೌಚದ ಟ್ಯಾಂಕನ್ನೂ ನಂತರ ಇನ್ನೊಂದನ್ನೂ ಖಾಲಿ ಮಾಡಬೇಕು, ಆಗ ಎರಡನೆಯದರ ನೀರು ಕೊಳವೆಯನ್ನು ತೊಳೆಯುತ್ತದೆ. ಷವರ್ ಬಿಟ್ಟರೆ ನೀರು ನೋಡನೋಡುತ್ತಿದ್ದಂತೆ ಖಾಲಿಯಾಗುತ್ತಿತ್ತು. ಅಮ್ಮ ಎರಡನೆಯ ದಿನವೇ ಒಂದು ಪ್ಲಾಸ್ಟಿಕ್ ಬಕೆಟ್ ತರಿಸಿಕೊಂಡಳು. ಅರ್ಧ ಬಕೆಟ್ ಬಿಸಿನೀರು, ಒಂದು ಚೊಂಬು, ಅಷ್ಟರಲ್ಲಿ ಅವಳ ಸ್ನಾನ ಮುಗಿಯುತ್ತಿತ್ತು. ನೋಡಿ ನಾವೆಲ್ಲರೂ ಹಾಗೆಯೇ ಮಾಡತೊಡಗಿದೆವು, ಇಂದಿಗೂ ನಮ್ಮ ಟ್ರೇಲರಿನಲ್ಲಿ ಸ್ನಾನವೆಂದರೆ ಅದೇ. ಒಗ್ಗರಣೆಯನ್ನು ಮಾತ್ರ ಹೊರಗಿನ ಹಳೆಯ ಕೋಲ್‌ಮನ್ ಒಲೆಯ ಮೇಲೆಯೇ ಹಾಕುತ್ತೇವೆ, ಒಳಗೆ ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ತಕ್ಷಣ ಹೊಗೆಯ ಅಲಾರಂ ಕೂಗಿಕೊಳ್ಳುತ್ತದೆ.

ಫಿಶಿಂಗ್ ಬ್ರಿಜ್‌ನಿಂದ ಉತ್ತರಕ್ಕೆ ಸ್ವಲ್ಪ ದೂರ ಹೋದರೆ ಹೇಡನ್ ಕಣಿವೆ. ಯೆಲ್ಲೋಸ್ಟೋನ್ ನದಿ ನಿಧಾನವಾಗಿ ಬಳುಕುವ ಆ ವಿಶಾಲ ಹುಲ್ಲುಗಾವಲಿನಲ್ಲಿ ಬೈಸನ್ ಎಂಬ ಅಮೆರಿಕದ ಕಾಡೆಮ್ಮೆಗಳ ಹಿಂಡುಗಳು ಮೇಯುತ್ತಿರುತ್ತವೆ. ರಸ್ತೆಬದಿಯ ಜಾಗದಲ್ಲಿ ಟ್ರಕ್ ನಿಲ್ಲಿಸಿ ಅಮ್ಮನಿಗೆ ಕುರ್ಚಿ ಹಾಕಿಕೊಟ್ಟೆವು. ಬೈಸನ್‌ಗಳಿಂದ ಕನಿಷ್ಠ 25 ಗಜ, ಕರಡಿ ಮತ್ತು ತೋಳಗಳಿಂದ 100 ಗಜ ದೂರವಿರಬೇಕೆಂಬುದು ಅಲ್ಲಿನ ನಿಯಮ, ಹಿಂಡು ಅದಕ್ಕಿಂತ ಬಹಳ ಆಚೆಗಿತ್ತು. ಕೆಂಗಂದು ಬಣ್ಣದ ಕರುಗಳು ತಾಯಂದಿರ ಸುತ್ತ ಓಡುತ್ತಿದ್ದವು. ಅಮ್ಮ ಬಹಳ ಹೊತ್ತು ನೋಡಿ, "ನಮ್ಮ ಕಡೆ ಕಾಡುಕೋಣಕ್ಕೆ ಈ ಕೂದಲು ಇಲ್ಲ, ಅದರ ಮೈ ಎಣ್ಣೆ ಹಚ್ಚಿದ ಹಾಗೆ ಇರುತ್ತೆ. ಚಳಿಗೇ ಇದಕ್ಕೆ ದೇವರು ಕಂಬಳಿ ಕೊಟ್ಟಿರೋದು" ಎಂದಳು. ಆಮೇಲೆ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು, ತಾನು ಹುಡುಗಿಯಾಗಿದ್ದಾಗ ತೋಟದ ಅಂಚಿಗೆ ಕಾಡುಕೋಣ ಬಂದಿದ್ದು, ತಮ್ಮಪ್ಪ ಸೂಡಿ ಹಚ್ಚಿಕೊಂಡು ಹೋಗಿದ್ದು ಎಲ್ಲ ಹೇಳಿದಳು. ಆ ಕತೆ ನನಗೂ ಹೊಸದು. ನಮ್ಮ ಮನೆಯ ಸೋಫಾದ ಮೇಲೆ ಕುಳಿತು ಅವಳು ಅದನ್ನು ಎಂದೂ ಹೇಳಿರಲಿಲ್ಲ. ಅಂದು ಕತ್ತಲಾಗುವವರೆಗೂ ಅಲ್ಲಿದ್ದೆವು, ಯಾರಿಗೂ ವಾಪಸು ಹೋಗುವ ಅವಸರವಿರಲಿಲ್ಲ, ಏಕೆಂದರೆ ಆ ರಾತ್ರಿ ಅವಳು ಎಲ್ಲಿ ಮಲಗುತ್ತಾಳೆ, ಎಷ್ಟು ಸಲ ಏಳಬೇಕು ಎಂಬ ಚಿಂತೆ ನಮಗೂ ಇರಲಿಲ್ಲ, ಅವಳಿಗೂ ಇರಲಿಲ್ಲ.

ಮೊದಲಿನಿಂದಲೂ ಇದ್ದ ಆಸೆ

ಸೌಕರ್ಯದ ಈ ಹಂಬಲ ಇತ್ತೀಚಿನದು ಎಂದು ಭಾವಿಸುವವರು ಇಲ್ಲಿನ ಮೋಟಾರು ಪ್ರವಾಸದ ಚರಿತ್ರೆಯನ್ನು ಒಮ್ಮೆ ನೋಡಬೇಕು. ಹೆನ್ರಿ ಫೋರ್ಡ್, ಥಾಮಸ್ ಎಡಿಸನ್, ಟೈರ್ ಉದ್ಯಮಿ ಹಾರ್ವಿ ಫೈರ್‌ಸ್ಟೋನ್ ಮತ್ತು ನಿಸರ್ಗದ ಬಗ್ಗೆ ಬರೆಯುತ್ತಿದ್ದ ಜಾನ್ ಬರೋಸ್ 1910ರ ದಶಕದಲ್ಲೇ ಜೊತೆಗೂಡಿ ಕ್ಯಾಂಪಿಂಗ್ ಹೋಗುತ್ತಿದ್ದಾಗ ಅವರ ಹಿಂದೆ ಅಡುಗೆಗೆಂದೇ ಸಜ್ಜುಗೊಳಿಸಿದ ಟ್ರಕ್ಕು ಬರುತ್ತಿತ್ತು, ಬಿಡಾರಕ್ಕೆ ವಿದ್ಯುದ್ದೀಪಗಳಿದ್ದವು. ಸಾಮಾನ್ಯ ಜನರೂ ತಮ್ಮ ಕಾರುಗಳಿಗೆ ಹಾಸಿಗೆ, ಅಡುಗೆಪೆಟ್ಟಿಗೆ ಕಟ್ಟಿಕೊಂಡು ತಿರುಗತೊಡಗಿ, 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಟಿನ್ ಕ್ಯಾನ್ ಟೂರಿಸ್ಟ್ಸ್ ಎಂಬ ಸಂಘ ಕಟ್ಟಿದರು. ಬೆಳ್ಳಿಬಣ್ಣದ ಏರ್‌ಸ್ಟ್ರೀಮ್ ಟ್ರೇಲರುಗಳ ಮೂಲಪುರುಷ ವಾಲಿ ಬಯಮ್ ಅವರ ಕತೆಯಂತೂ ನನಗೆ ಬಹಳ ಹತ್ತಿರದ್ದು. ನೆಲದ ಮೇಲಿನ ಟೆಂಟು ಅವರ ಪತ್ನಿಗೆ ಹಿಡಿಸಲಿಲ್ಲ, ಅಡುಗೆಮನೆಯಿಲ್ಲದೆ ಬರಲು ಆಕೆ ಒಪ್ಪಲಿಲ್ಲ, ಹಾಗಾಗಿ ಅವರು ಕಾರಿನ ಅಡಿಗಟ್ಟಿನ ಮೇಲೆ ಐಸ್ ಪೆಟ್ಟಿಗೆ ಮತ್ತು ಸೀಮೆಎಣ್ಣೆ ಒಲೆಯುಳ್ಳ ಸಣ್ಣ ಸೂರನ್ನು ಕಟ್ಟಿದರು ಎಂದು ಆ ಕಂಪನಿ ತನ್ನ ಹುಟ್ಟನ್ನು ವಿವರಿಸುತ್ತದೆ. ಗಾಲಿಯ ಮೇಲಿನ ಮನೆ ಹುಟ್ಟಿದ್ದೇ ಒಬ್ಬರನ್ನು ಬಿಟ್ಟುಹೋಗಬಾರದೆಂಬ ಕಾರಣಕ್ಕೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಮುಚ್ಚಿಕೊಂಡ ದಾರಿಗಳು

ಆದರೆ ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಟೆಂಟಿದ್ದಾಗ ನಕ್ಷೆಯಲ್ಲಿ ಗೆರೆಯಿದ್ದಲ್ಲೆಲ್ಲ ಹೋಗಬಹುದು ಎಂಬ ಭಾವನೆಯಿತ್ತು. ಈಗ ಪ್ರತಿ ರಸ್ತೆಗೂ ಮೊದಲು ಉದ್ದ, ಎತ್ತರ, ಅಗಲ ನೋಡಬೇಕು. ಮೊಂಟಾನಾದ ಗ್ಲೇಸಿಯರ್ ಉದ್ಯಾನದಲ್ಲಿ ಪರ್ವತಗಳ ನಡುವೆ ಹಾದುಹೋಗುವ ಗೋಯಿಂಗ್ ಟು ದ ಸನ್ ರಸ್ತೆಯ ಮೇಲ್ಭಾಗಕ್ಕೆ 21 ಅಡಿಗಿಂತ ಉದ್ದದ ವಾಹನಗಳಿಗೆ ಪ್ರವೇಶವಿಲ್ಲ. ಎಳೆಯುವ ಟ್ರಕ್ಕೂ ಟ್ರೇಲರೂ ಸೇರಿಯೇ ಆ ಅಳತೆ. ಯೂಟಾದ ಝಯಾನ್ ಉದ್ಯಾನದಲ್ಲಿ 1930ರಲ್ಲಿ ಪೂರ್ಣಗೊಂಡ, ಒಂದು ಮೈಲಿಗೂ ಹೆಚ್ಚು ಉದ್ದದ ಸುರಂಗವನ್ನು ಆ ಕಾಲದ ಸಣ್ಣ ಕಾರುಗಳಿಗಾಗಿ ಕೊರೆದದ್ದು, ದೊಡ್ಡ ಆರ್‌ವಿಗಳು ತಮ್ಮ ಪಥದಲ್ಲೇ ಹೋದರೆ ಅದರ ಕಮಾನಿನ ಬಾಗಿಗೆ ತಗಲುತ್ತವೆ. ನಾವು ಮೆಚ್ಚಿದ್ದ ಸಿಯೆರಾ ನೆವಾಡಾ ಪರ್ವತಗಳ ಪೂರ್ವಭಾಗದ ಮಣ್ಣುರಸ್ತೆಯ ತಾಣಗಳಲ್ಲಿ ಟ್ರೇಲರ್ ತಿರುಗಿಸಲು ಜಾಗವೇ ಇಲ್ಲ. ಇನ್ನು ಮುಂಗಡ ಬುಕಿಂಗ್. ಎಷ್ಟೋ ಸರಕಾರಿ ತಾಣಗಳು ಆರು ತಿಂಗಳ ಮುಂಚೆಯೇ ತೆರೆದು ನಿಮಿಷಗಳಲ್ಲಿ ಭರ್ತಿಯಾಗುತ್ತವೆ. ವಾಹನದ ಉದ್ದವನ್ನು ತುಂಬಿದ ಕೂಡಲೇ, ಇದ್ದ ಖಾಲಿ ಸೈಟುಗಳಲ್ಲಿ ಅರ್ಧಕ್ಕರ್ಧ ಪಟ್ಟಿಯಿಂದ ಕಾಣೆಯಾಗುತ್ತವೆ. ಶುಕ್ರವಾರ ಮಧ್ಯಾಹ್ನ ಮನಸ್ಸಾಗಿ ಸಂಜೆ ಹೊರಡುತ್ತಿದ್ದ ಕಾಲ ಮುಗಿಯಿತು.

ಗೋಡೆಯೂ ತನ್ನ ಬೆಲೆ ಕೇಳುತ್ತದೆ. ಟ್ರೇಲರಿನೊಳಗೆ ಹೀಟರ್ ಹಾಕಿಕೊಂಡು ಮಲಗಿದರೆ ನದಿಯ ಸದ್ದು ಕೇಳುವುದಿಲ್ಲ, ಹೀಟರಿನ ಫ್ಯಾನಿನ ಸದ್ದು ಕೇಳುತ್ತದೆ. ಊಟ ಒಳಗೇ ಆಗುವುದರಿಂದ ಕುಕ್ಕರಿನ ಸೀಟಿ ಯಾರನ್ನೂ ನಮ್ಮ ಬಳಿಗೆ ಕರೆತರುವುದಿಲ್ಲ. ಎಲ್ಲಕ್ಕಿಂತ ನನಗೆ ಬೇಸರ ತರುವುದು ಜನರೇಟರುಗಳು. ಅನುಮತಿಯ ವೇಳೆಯಲ್ಲೇ ಓಡಿಸಿದರೂ ಒಂದು ಜನರೇಟರಿನ ಮೊರೆತ ಇಡೀ ಸಾಲಿನ ಸಂಜೆಯನ್ನು ಕಸಿದುಕೊಳ್ಳುತ್ತದೆ. ಅದನ್ನು ಅತಿ ಹೆಚ್ಚು ಅನುಭವಿಸುವವರು ಬಟ್ಟೆಯ ಗೋಡೆಯೊಳಗೆ ಮಲಗಿರುವವರು. ನಾವು ಚಾವಣಿಯ ಮೇಲೆ ಸೌರಫಲಕ ಹಾಕಿಸಿಕೊಂಡಿದ್ದೇವೆ. ಎಸಿ ಓಡಿಸಲು ಅದು ಸಾಲದು, ದೀಪ, ನೀರಿನ ಪಂಪು, ಹೀಟರಿನ ಫ್ಯಾನು ಇಷ್ಟಕ್ಕೆ ಸಾಕಾಗುತ್ತದೆ. ಎಸಿ ಬೇಕೇ ಬೇಕೆನ್ನುವಷ್ಟು ಸೆಕೆಯಿರುವ ಕಡೆ ವಿದ್ಯುತ್ ಸಂಪರ್ಕವಿರುವ ತಾಣಕ್ಕೆ ಹೋಗಬೇಕೆಂಬುದು ನನ್ನ ದೃಢ ಅಭಿಪ್ರಾಯ. ನಮ್ಮ ಸೌಕರ್ಯದ ಖರ್ಚನ್ನು ಪಕ್ಕದ ಸೈಟಿನವರು ಭರಿಸುವಂತಾಗಬಾರದು.

ಇನ್ನೂ ದೊಡ್ಡದು ಬೇಕೆ?

ಅಮ್ಮ ಈಗ ಅಷ್ಟು ದೂರದ ವಿಮಾನ ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ. ಟ್ರೇಲರಿಗೆ ಇದ್ದ ಮುಖ್ಯ ಕಾರಣ ಸಾಗರದ ಮನೆಯಲ್ಲಿದೆ, ವಾರಾಂತ್ಯದ ವಿಡಿಯೊ ಕರೆಯಲ್ಲಿ ನಾವು ಎಲ್ಲಿದ್ದೇವೆಂದು ಕೇಳುತ್ತದೆ. ಇತ್ತ ನಮ್ಮ ಮಂಡಿಗಳೂ ಮಾತಾಡತೊಡಗಿವೆ. ಪತಿಗೆ ಕ್ಲಾಸ್ ಸಿ ಮೋಟರ್‌ಹೋಮ್, ಅಂದರೆ ವ್ಯಾನಿನ ಅಡಿಗಟ್ಟಿನ ಮೇಲೆ ಕಟ್ಟಿದ, ತಾನೇ ಓಡುವ ಮನೆಗಾಡಿ ಕೊಳ್ಳುವ ಆಸೆಯಿದೆ. ಕೊಂಡಿ ಹಾಕುವ, ಕಳಚುವ, ಹಿಂದಕ್ಕೆ ನಡೆಸುವ ಶ್ರಮ ಅದರಲ್ಲಿಲ್ಲ, ಮಳೆಯಲ್ಲಿ ಕೆಳಗಿಳಿಯದೆಯೇ ಡ್ರೈವರ್ ಸೀಟಿನಿಂದ ಅಡುಗೆಕಟ್ಟೆಗೆ ನಡೆದುಬರಬಹುದು ಎಂಬುದು ಅವರ ವಾದ, ಮತ್ತು ಅದು ನಿಜ. ನನ್ನ ಒಲವು ಟ್ರೇಲರಿನ ಕಡೆಗೇ ಇದೆ. ಮೋಟರ್‌ಹೋಮಿನಲ್ಲಿ ಮನೆ ಹೋದಲ್ಲೇ ನಾವು, ಅದಕ್ಕೆ ದಾರಿಯಿಲ್ಲದ ಕಡೆ ನಮಗೂ ದಾರಿಯಿಲ್ಲ. ಹಿಂದೆ ಬೇರೊಂದು ಕಾರನ್ನು ಕಟ್ಟಿಕೊಂಡು ಹೋದರೆ ಮತ್ತೆ ಅದೇ ಕೊಂಡಿ, ಅದೇ ಶ್ರಮ. ಟ್ರೇಲರನ್ನಾದರೆ ತಾಣದಲ್ಲಿ ಬಿಟ್ಟು ಟ್ರಕ್ಕನ್ನಷ್ಟೇ ತೆಗೆದುಕೊಂಡು ಹೊರಡಬಹುದು.

ಮುಂದಿನ ಬೇಸಿಗೆಗೆ ಗ್ಲೇಸಿಯರ್ ಎಂದು ತೀರ್ಮಾನವಾಗಿದೆ, ಅತ್ತೆ ಮಾವ ಮೈಸೂರಿನಿಂದ ಬರುತ್ತಿದ್ದಾರೆ. ಪೂರ್ವಭಾಗದ ಸೇಂಟ್ ಮೇರಿಯಲ್ಲಿ ಟ್ರೇಲರ್ ನಿಲ್ಲಿಸಿ, ಟ್ರಕ್ಕಿನಲ್ಲಿ 6,646 ಅಡಿ ಎತ್ತರದ ಲೋಗನ್ ಪಾಸ್‌ವರೆಗೆ ಅವರಿಬ್ಬರನ್ನೂ ಕರೆದೊಯ್ಯುವುದು ನಮ್ಮ ಯೋಜನೆ. ನಮ್ಮ ಟ್ರಕ್ಕಿನ ಉದ್ದ 19 ಅಡಿ ಚಿಲ್ಲರೆ, ಆ ರಸ್ತೆಯ ಮಿತಿಯೊಳಗೇ ಬರುತ್ತದೆ. ಟೆಂಟು ಕಾಲೇಜು ಸೇರಿದ ಮಗಳ ಬಳಿಯಿದೆ, ಅವಳು ತನ್ನ ಸ್ನೇಹಿತೆಯರೊಡನೆ ಬೇರೆ ದಾರಿಯಿಂದ ಬಂದು ಸೇರುತ್ತೇನೆಂದು ಹೇಳಿದ್ದಾಳೆ, ಬರುವಾಗ ಟೆಂಟಿನ ಕಂಬಗಳಲ್ಲಿ ಒಂದು ಸೀಳಿದೆಯೆಂದೂ ಹೊಸದು ಸಿಗುತ್ತದೆಯೇ ನೋಡಬೇಕೆಂದೂ ನೆನ್ನೆ ಸಂದೇಶ ಕಳಿಸಿದ್ದಾಳೆ.